ಹೆಸರು ನಮ್ಮದು, ಆಟ ಯಾರದು?

ಆಟಕ್ಕೆ ಜಾತಿ ಇಲ್ಲ, ಆಟಕ್ಕೆ ರಾಜಕೀಯ ಇಲ್ಲ ಎನ್ನುವವರ ಮಾತು ನಮಗೆ ದಿನಾ ಕಿವಿಗೆ ಬೀಳುತ್ತದೆ. ಕತೆ ಕವಿತೆಗೆ ಜಾತಿ ಇಲ್ಲ ಎಂದವರೂ ಇವರೇ. ಕವಿತೆಯ ಮಾತನ್ನು ಗೆಳೆಯರು ಸಾಕಷ್ಟು ಜಾಲಾಡಿದ್ದಾರೆ. ಆಟದ ಲೆಕ್ಕ ಬಾಕಿ ಉಳಿದಿದೆ. ಅದನ್ನು ನಮ್ಮ ಬಳ್ಳಾರಿಯ ಹೆಸರಿನಿಂದಲೇ ಶುರು ಮಾಡೋಣ.

2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಹುಟ್ಟಿತು. ತಂಡಗಳಿಗೆ ಊರಿನ ಹೆಸರು ಕಟ್ಟಿ ರೊಕ್ಕವಿದ್ದವರಿಗೆ ಮಾರಿದರು. ಮುಂದೆ ನಮ್ಮ ಪಾಲಿಗೆ ಬಂದದ್ದು 'ಬಳ್ಳಾರಿ ಟಸ್ಕರ್ಸ್'. ಟಸ್ಕರ್ ಅಂದರೆ ಕೋರೆಯ ಸಲಗ. ದರೋಜಿ ಗುಡ್ಡದಾಗ ಕರಡಿ ಅದಾವು, ಆನೆ ಎಲ್ಲಿಂದ ಬಂತೋ! ಇರಲಿ. 2019ರಲ್ಲಿ ಈ ತಂಡ ಫೈನಲ್ ತಲುಪಿತು. ಆ ಪಂದ್ಯ ನಡೆದದ್ದು ಮೈಸೂರಿನಲ್ಲಿ, ಗೆದ್ದದ್ದು ಹುಬ್ಬಳ್ಳಿ ಟೈಗರ್ಸ್. ಸಿರುಗುಪ್ಪದ ರೈಸ್‌ಮಿಲ್ಲಿನ ಹಮಾಲ, ಕುರುಗೋಡಿನ ಚಾದಂಗಡಿಯ ಹುಡುಗ 'ನಮ್ ಬಳ್ಳಾರಿ' ಎಂದು ಟೀವಿ ಮುಂದೆ ಕೂಗುವುದಷ್ಟೇ ಉಳಿದದ್ದು.

ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಬಂಧಿಸಿದರು. ರೊಕ್ಕ ಪಡೆದು ಫೈನಲ್‌ನಲ್ಲಿ ನಿಧಾನ ಆಡಿದರೆಂಬುದು ಆರೋಪ. 2022ರ ಜನವರಿಯಲ್ಲಿ ಹೈಕೋರ್ಟು ಆ ಮೊಕದ್ದಮೆಯನ್ನು ರದ್ದು ಮಾಡಿತು. ಆರೋಪ ನಿಜವೋ ಸುಳ್ಳೋ ಎಂಬ ಪಂಚಾಯಿತಿ ನಮಗೆ ಬೇಡ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೋರ್ಟು ಕೊಟ್ಟ ಕಾರಣ. ಪ್ರೇಕ್ಷಕ ಟಿಕೀಟನ್ನು ತಾನಾಗಿಯೇ ಕೊಳ್ಳುತ್ತಾನೆ, ಕೊಳ್ಳುವಂತೆ ಯಾರೂ ಅವನನ್ನು ಪ್ರೇರೇಪಿಸಿಲ್ಲ. ಮೋಸ ಹೋದೆವೆಂಬ ಭಾವನೆ ಜನರಲ್ಲಿ ಹುಟ್ಟಬಹುದು, ಆದರೆ ಅದರಿಂದ ವಂಚನೆಯ ಅಪರಾಧವಾಗದು. ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು. ತೀರ್ಪಿನ ತಿರುಳು ಇದು.

ಕಾನೂನಿನ ಪ್ರಕಾರ ಇದು ಸರಿಯೇ ಇರಬಹುದು. ಆದರೆ ಗೆಳೆಯರೆ, ಇದರ ಅರ್ಥ ಏನು? ಕಾಸು ಕೊಡುವವನು ಆಟದ ಪಾಲುದಾರ ಅಲ್ಲ. ಅವನ ನಂಬಿಕೆಗೆ ಸರಕಿನ ಬೆಲೆಯೂ ಇಲ್ಲ. ಕೆಟ್ಟ ಅಕ್ಕಿ ಕೊಟ್ಟ ಅಂಗಡಿಯವನನ್ನು ಗ್ರಾಹಕರ ಆಯೋಗಕ್ಕೆ ಎಳೆಯಬಹುದು. ಕೆಟ್ಟ ಆಟ ಕೊಟ್ಟವನನ್ನು?

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ನಮ್ಮ ಸೀಮೆಯ ಜಾತ್ರೆಯ ಕುಸ್ತಿಯಲ್ಲಿ ಗೌಡ, ಸಾಹುಕಾರ ಬೆಳ್ಳಿ ಕಡಗ ತೊಡಿಸಿದರೆ ಪೈಲ್ವಾನನ ಗಳಿಕೆ. ಅದು ಇನಾಮು, ಕೂಲಿಯಲ್ಲ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಣಕ್ಕೆ ಕಾವು ತುಂಬುವ ಹಲಗೆ ನಮ್ಮ ಕೇರಿಯದು. ಕಡಗ ಹಲಗೆಯವನ ಕೈಗೆ ಬರಲಿಲ್ಲ. ಹಳೆಯ ಕಾಲವೇ ಚಂದ ಎಂಬ ಹಳಹಳಿಕೆ ಹಾಡಲು ನಮಗೆ ಕಾರಣವಿಲ್ಲ.

ಗೇಟು ಹಾಕಿ ಕಾಸು ಎತ್ತುವ ಆಟವನ್ನು ದೊಡ್ಡ ದಂಧೆ ಮಾಡಿದ್ದು ಇಂಗ್ಲೆಂಡಿನ ಗಿರಣಿ ಊರುಗಳು. ಶನಿವಾರ ಮಧ್ಯಾಹ್ನ ಗಿರಣಿ ನಿಂತಾಗ ಕೂಲಿಕಾರನ ಕೈಗೆ ಅರ್ಧ ದಿನವೂ ನಾಲ್ಕು ಕಾಸೂ ಸಿಕ್ಕವು. ರೈಲು ತಂಡಗಳನ್ನು ಊರಿಂದೂರಿಗೆ ಒಯ್ದಿತು. 1885ರಲ್ಲಿ ಫುಟ್‌ಬಾಲ್ ಆಟಗಾರನಿಗೆ ಸಂಬಳ ಕೊಡುವುದನ್ನು ಒಪ್ಪಿಕೊಂಡರು, 1888ರಲ್ಲಿ ಲೀಗ್ ಕಟ್ಟಿದರು. 1901ರಲ್ಲಿ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಕಟ್ಟು ಹಾಕಿದರು. ಆ ಮಿತಿ 20 ಪೌಂಡಿಗೆ ಏರಲು ಅರ್ಧ ಶತಮಾನಕ್ಕೂ ಮೇಲೆ ಹಿಡಿಯಿತು. 1961ರಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಸಜ್ಜಾದಾಗ ಕಟ್ಟು ಮುರಿದು ಬಿತ್ತು. ಯಾರೂ ಕರುಣೆಯಿಂದ ಬಿಚ್ಚಲಿಲ್ಲ.

ಕ್ರಿಕೆಟ್ಟಿನ ಮಡಿ ಇನ್ನೂ ದೊಡ್ಡದು. ಸಂಬಳವಿಲ್ಲದೆ ಆಡುವವನು 'ಜೆಂಟಲ್‌ಮನ್', ಸಂಬಳಕ್ಕೆ ಆಡುವವನು ಬರೀ 'ಪ್ಲೇಯರ್'. ಇಬ್ಬರಿಗೂ ಬೇರೆ ಬೇರೆ ಬಾಗಿಲು. 1962ರವರೆಗೆ ಈ ಭೇದ ಉಳಿದಿತ್ತು. ದುಡಿದು ತಿನ್ನುವವನನ್ನು ಹಿಂಬಾಗಿಲಿಗೆ ಕಳಿಸುವ ವಿದ್ಯೆಯನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಆಟ ನಮ್ಮಲ್ಲಿಗೆ ಬಂದು ಜಾತಿಯ ಕೈಹಿಡಿಯಿತು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಚಮ್ಮಾರರ ಮಗ. ಪುಣೆಯ ಕ್ರಿಕೆಟ್ ಮೈದಾನದಲ್ಲಿ ಕಸ ಗುಡಿಸಿ ಪಿಚ್ಚು ಉರುಳಿಸಲು ಅವನಿಗೆ ತಿಂಗಳಿಗೆ 3 ರೂಪಾಯಿ. ಬಿಳಿಯ ದೊರೆಗಳ ಕ್ಲಬ್ಬಿನಲ್ಲಿ ಗಂಟೆಗಟ್ಟಲೆ ಚೆಂಡೆಸೆದ. ಬ್ಯಾಟು ಮಾತ್ರ ಕೈಗೆ ಕೊಡಲಿಲ್ಲ. ಬೌಲಿಂಗ್ ಕೂಲಿ, ಬ್ಯಾಟಿಂಗ್ ದೊರೆತನ! ಹಿಂದೂಗಳ ತಂಡಕ್ಕೆ ಗೆಲ್ಲಲು ಅವನು ಬೇಕಾದ. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಕಿತ್ತವನು ತಂಡದ ನಾಯಕನಾಗಲಿಲ್ಲ. ಅವನ ತಮ್ಮ ವಿಠ್ಠಲ 1923ರಲ್ಲಿ ನಾಯಕನಾದ. ಆಟಕ್ಕೆ ಜಾತಿ ಇಲ್ಲ ಎಂಬುವರು ಈ ಕುಡಿಕೆಯನ್ನು ಎಲ್ಲಿ ಇಡುತ್ತಾರೆ?

ಗೇಟಿನ ಕಾಸಿನ ಕಾಲ ಹೋಗಿ ಟೀವಿಯ ಕಾಲ ಬಂತು. 1995ರಲ್ಲಿ, ಕ್ರಿಕೆಟ್ ಪ್ರಸಾರದ್ದೇ ಒಂದು ಮೊಕದ್ದಮೆಯಲ್ಲಿ, ಆಕಾಶದ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು ಹೇಳಿತು. ಒಳ್ಳೆಯ ಮಾತು. ಅದೇ ಆಕಾಶದಲ್ಲಿ ಹಾಯುವ ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹರಾಜಾಯಿತು. ಇಷ್ಟು ರೊಕ್ಕ ಹುಟ್ಟುವುದು ಎಲ್ಲಿ? ಆಟಕ್ಕೆ ಅಂಟಿದ ನಮ್ಮ ಕಣ್ಣುಗಳಲ್ಲಿ. ಜಾಹೀರಾತಿನವನು ಕೊಳ್ಳುವುದು ಆ ಕಣ್ಣುಗಳನ್ನೇ. ಪ್ರೇಕ್ಷಕ ಈಗ ಗಿರಾಕಿಯೂ ಹೌದು, ಮಾರಾಟದ ಮಾಲೂ ಹೌದು.

ಈಗ ಬಳ್ಳಾರಿಗೆ ವಾಪಸು ಬರೋಣ. ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಜೆಎಸ್‌ಡಬ್ಲ್ಯೂ 2013ರಲ್ಲಿ ಒಂದು ಫುಟ್‌ಬಾಲ್ ತಂಡ ಕಟ್ಟಿತು. ಹೆಸರು ಬೆಂಗಳೂರು ಎಫ್‌ಸಿ. 2018ರಲ್ಲಿ ತೋರಣಗಲ್ಲಿನ ಹತ್ತಿರವೇ ಅದರ ಕ್ರೀಡಾ ಸಂಸ್ಥೆ ತೆರೆಯಿತು. ಅಲ್ಲಿ ಹುಡುಗ ಹುಡುಗಿಯರು ಕುಸ್ತಿ, ಬಾಕ್ಸಿಂಗ್ ಕಲಿಯುತ್ತಾರೆ; ಅದು ಒಳ್ಳೆಯದೇ. ಆದರೆ ವ್ಯಾಪಾರದ ಜಾಣತನ ನೋಡಿರಿ: ಬಳ್ಳಾರಿ ಹೆಸರಿನ ತಂಡ ಫೈನಲ್ ಆಡುವುದು ಮೈಸೂರಲ್ಲಿ, ಬಳ್ಳಾರಿ ಸೀಮೆಯಲ್ಲಿ ಉಕ್ಕು ತೆಗೆಯುವ ಕಂಪನಿಯ ತಂಡಕ್ಕೆ ಬೆಂಗಳೂರಿನ ಹೆಸರು. ನೋಡುವ ಮಂದಿಯೂ ಕೊಳ್ಳುವ ಮಂದಿಯೂ ಎಲ್ಲಿ ಹೆಚ್ಚೋ ಅಲ್ಲಿ ಹೆಸರು. 2022ರಲ್ಲಿ ಹಳೆಯ ಲೀಗ್ ಹೋಗಿ 6 ತಂಡಗಳ ಮಹಾರಾಜ ಟ್ರೋಫಿ ಬಂದಾಗ ಬಳ್ಳಾರಿಯ ಹೆಸರೇ ಬಿದ್ದುಹೋಯಿತು. ಕೊಟ್ಟಾಗಲೂ ನಮ್ಮನ್ನು ಕೇಳಲಿಲ್ಲ, ಕಿತ್ತಾಗಲೂ ಕೇಳಲಿಲ್ಲ.

ಹಾಗಾದರೆ ಆಟ ನೋಡುವುದನ್ನೇ ಬಿಡಬೇಕೆ? ಬೇಡ. ಇಡೀ ದಿನ ಮೂಟೆ ಹೊತ್ತವನು ಸಂಜೆ ಒಂದು ಸಿಕ್ಸರಿಗೆ ಕುಣಿದರೆ ಅದನ್ನು ಅಫೀಮು ಎಂದು ಹೀಗಳೆಯುವವರ ಜೊತೆ ನಾವಿಲ್ಲ. ಅವನ ಕುಣಿತ ಅವನದು. ಆ ಕುಣಿತದ ಮೇಲೆ ಕಟ್ಟಿದ ವ್ಯಾಪಾರದಲ್ಲಿ ಅವನ ಪಾಲೆಷ್ಟು ಎಂಬುದೇ ನಮ್ಮ ತಕರಾರು. ಊರಿನ ಹೆಸರು ಹೊತ್ತ ತಂಡ ಆ ಊರಲ್ಲಿ ಆಡಬೇಕು. ಪಿಚ್ಚು ಉರುಳಿಸುವವನ, ಗ್ಯಾಲರಿ ಗುಡಿಸುವವಳ ಕೂಲಿ ಆಟಗಾರರ ಹರಾಜಿನಷ್ಟೇ ಬಹಿರಂಗವಾಗಬೇಕು. ಹಕ್ಕು ಮಾರಿದ ರೊಕ್ಕದಲ್ಲಿ ಹಳ್ಳಿ ಶಾಲೆಯ ಮೈದಾನಕ್ಕೂ ಪಾಲು ಬರಬೇಕು. ಮಾಸ್ತರರೇ, ನಿಮ್ಮ ಹುಡುಗರಿಗೆ ಸ್ಕೋರು ಬಾಯಿಪಾಠ ಇರುತ್ತದೆ. ಅದರ ಪಕ್ಕದಲ್ಲೇ ಈ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಿರಿ.

ಮುಷ್ಕರಕ್ಕೆ ಸಜ್ಜಾದ ಮೇಲೆ ಆಟಗಾರನ ಕಟ್ಟು ಬಿಚ್ಚಿತು. ನೋಡುವವನ ಸಂಘ, ಗುಡಿಸುವವನ ಸಂಘ ಇನ್ನೂ ಹುಟ್ಟಬೇಕಾಗಿದೆ. ಚಪ್ಪಾಳೆ ತಟ್ಟುವ ಕೈ ಲೆಕ್ಕದ ಪುಸ್ತಕಕ್ಕೂ ಚಾಚಲಿ.