ರಣಭೂಮಿಯ ನೆನಪು: ರನ್ನನಿಂದ ‘ಪರ್ವ’ದವರೆಗೆ

ಕವಿಚಕ್ರವರ್ತಿ ರನ್ನನು ಅಖಂಡ ವಿಜಾಪುರ ಜಿಲ್ಲೆಯಲ್ಲಿದ್ದ ಮುಧೋಳದವನು; ನಮ್ಮ ಸೀಮೆಯವನೇ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ಈ ಜೈನ ಕವಿ, ‘ಗದಾಯುದ್ಧ’ದಲ್ಲಿ ಅಹಿಂಸೆಯನ್ನು ಬೋಧಿಸಲು ನಿಲ್ಲುವುದಿಲ್ಲ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳುವುದೇ ಅವನ ಉದ್ದೇಶ. ಆದರೂ ಓದುಗನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಅವನ ಛಲವೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ನನಗಾದರೋ ಅದು ಅವನ ನೆನಪೆಂದು ತೋರುತ್ತದೆ.

ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ಅವನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆ ಕೈಮುಗಿದು, ಅಂಥ ಮರಣದ ಒಂದಂಶವಾದರೂ ತನಗಿರಲೆಂದು ಬೇಡುತ್ತಾನೆ. ಮಗ ಲಕ್ಷಣಕುಮಾರನೆದುರು, ತಂದೆಗೆ ಮಗನು ಕೊಡಬೇಕಾದ ತರ್ಪಣ ತಿರುಗುಮುರುಗಾಯಿತಲ್ಲಾ ಎಂದು ಅಳುತ್ತಾನೆ. ದುಶ್ಶಾಸನನನ್ನು ಕಂಡಾಗ ನೆನಪಾಗುವುದು ತಾಯಿಯ ಮೊಲೆಹಾಲು: ಅಲ್ಲಿ ತಾನು ಮೊದಲಿಗ, ಸಾವಿನಲ್ಲಿ ತಮ್ಮನೇ ಮುಂದಾದ. ಕೊನೆಗೆ ಕರ್ಣ. ಅವನು ಯಾರ ಮಗನೆಂಬುದು ಬಲ್ಲವರು ಕೆಲವರೇ, ದುರ್ಯೋಧನನೂ ಅವರಲ್ಲೊಬ್ಬ. ಬದುಕಿದ್ದಾಗ ಮುಚ್ಚಿಟ್ಟ ಆ ಗುರುತನ್ನು ಹೆಣದ ಮುಂದೆ ಬಾಯಿಬಿಟ್ಟು ಹೇಳುವ ಹೊತ್ತಿಗೆ ಕೇಳಬೇಕಾದವನೇ ಇಲ್ಲ. ವಿರೋಧಿಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ನಮ್ಮ ಶ್ರಾವಕಾಚಾರವು ಒಪ್ಪುತ್ತದೆ. ಆ ಅನಿವಾರ್ಯದ ಬೆಲೆಯೇನೆಂಬುದನ್ನು ಈ ನಡಿಗೆ ತೋರಿಸಿದಷ್ಟು ಯಾವ ವ್ಯಾಖ್ಯಾನವೂ ನನಗೆ ತೋರಿಸಿಲ್ಲ.

ಆದರೆ ದುರ್ಯೋಧನನು ಗುರುತಿಸುವುದು ಗುರುವನ್ನು, ರಾಜಪುತ್ರರನ್ನು, ಗೆಳೆಯನನ್ನು. ಅವನ ಕಾಲಿಗೆ ತೊಡರುವ ಕಾಲಾಳುಗಳಿಗೆ ಹೆಸರಿಲ್ಲ.

ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಕಾದಂಬರಿ ಯುದ್ಧವನ್ನು ನೇರವಾಗಿ ವರ್ಣಿಸುವುದಕ್ಕಿಂತ ಕುಂತಿ, ದ್ರೌಪದಿ, ಭೀಮ, ಯುಯುಧಾನ ಮೊದಲಾದವರ ಸ್ಮೃತಿಗಳ ಮೂಲಕ ಅದರತ್ತ ಸಾಗುತ್ತದೆ. ಜರಾಸಂಧನ ಭಯದಿಂದ ಯಾದವರು ಮಥುರೆಯನ್ನು ತೊರೆದು ದ್ವಾರಕೆಗೆ ಹೊರಟುದನ್ನು ಯುಯುಧಾನನು ನೆನೆಯುವ ಭಾಗವನ್ನು ನಮ್ಮ ಕಡೆಯವರು ಓದುವ ರೀತಿಯೇ ಬೇರೆ. ಬಸವನಬಾಗೇವಾಡಿ ಸೀಮೆಯ ಎಷ್ಟೋ ಮನೆತನಗಳು ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟಿವೆ. ದೇವಣಗಾಂವದಂತಹ ಭೀಮಾತೀರದ ಊರುಗಳವರಿಗೆ 2020ರ ಅಕ್ಟೋಬರದ ಮಹಾಪೂರ ಇನ್ನೂ ಹಸಿಯಾಗಿದೆ. ಅಲ್ಲಿ ಓಡಿಸಿದ್ದು ಸೈನ್ಯ, ಇಲ್ಲಿ ನೀರು. ಎರಡೂ ಒಂದೇ ಎನ್ನಲಾರೆ. ಹೊಸ ಊರಿನಲ್ಲಿ ನಿಂತು ಹಳೆಯ ಊರಿನ ಹೆಸರಿನಿಂದಲೇ ತನ್ನನ್ನು ಪರಿಚಯಿಸಿಕೊಳ್ಳುವ ಮನುಷ್ಯ ಮಾತ್ರ ಎರಡೂ ಕಡೆ ಇದ್ದಾನೆ.

‘ಪರ್ವ’ದ ಬಗ್ಗೆ ನನ್ನದೊಂದು ತಕರಾರಿದೆ. ಅದರ ಪಾತ್ರಗಳು ನೆನೆಯುತ್ತ ನೆನೆಯುತ್ತ ವಾದಕ್ಕಿಳಿಯುತ್ತವೆ. ಧರ್ಮಾಧರ್ಮಗಳ ಜಿಜ್ಞಾಸೆಯಲ್ಲಿ ದುಃಖವು ಪಕ್ಕಕ್ಕೆ ಸರಿಯುತ್ತದೆ. ರನ್ನನ ದುರ್ಯೋಧನನಿಗೆ ವಾದಿಸಲು ಎದುರಿಗೆ ಯಾರೂ ಉಳಿದಿಲ್ಲ. ಅವನು ಮುಂದಿನ ಹೆಣದತ್ತ ನಡೆಯುತ್ತಾನೆ.