ಖನ್ನಾರವರ ಭಿನ್ನಾಭಿಪ್ರಾಯ: ಒಂದು ವಿಮರ್ಶೆ

ಜಬಲಪುರದ ಮೊಕದ್ದಮೆಯೆಂದು ಪ್ರಸಿದ್ಧವಾದ ೧೯೭೬ನೆಯ ಏಪ್ರಿಲ್ ೨೮ರ ತೀರ್ಪಿನಲ್ಲಿ, ಭಾರತದ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಾಧೀಶರದು ಒಂದು ಮತ, ಎಚ್. ಆರ್. ಖನ್ನಾರವರೊಬ್ಬರದು ಬೇರೆ ಮತ. ಈ ಭಿನ್ನಾಭಿಪ್ರಾಯವನ್ನು ಧೈರ್ಯದ ದೃಷ್ಟಾಂತವಾಗಿ ಕೊಂಡಾಡುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಧೈರ್ಯವನ್ನು ಹೊಗಳುವ ಭರದಲ್ಲಿ ತರ್ಕವನ್ನು ಮರೆಯಲಾಗದು.

೧೯೭೫ನೆಯ ಜೂನ್ ೨೫ರಂದು ತುರ್ತುಪರಿಸ್ಥಿತಿಯು ಘೋಷಿತವಾಗಿ, ಎರಡು ದಿನಗಳ ತರುವಾಯ ೧೪, ೨೧ ಮತ್ತು ೨೨ನೆಯ ಅನುಚ್ಛೇದಗಳ ಹಕ್ಕುಗಳಿಗಾಗಿ ನ್ಯಾಯಾಲಯವನ್ನು ಆಶ್ರಯಿಸುವುದನ್ನು ರಾಷ್ಟ್ರಪತಿಗಳ ಆಜ್ಞೆಯು ತಡೆಯಿತು. ಆದಾಗ್ಯೂ, ೧೯೭೧ರ ಆಂತರಿಕ ಭದ್ರತಾ ಶಾಸನದ ಮೇರೆಗೆ ಬಂಧಿತರಾದವರ ಅರ್ಜಿಗಳು ವಿಚಾರಾರ್ಹವೆಂದು ಒಂಬತ್ತು ಉಚ್ಚ ನ್ಯಾಯಾಲಯಗಳು ಅಭಿಪ್ರಾಯಪಟ್ಟಿದ್ದವು. ಬೆಂಗಳೂರಿನಲ್ಲಿ ಸೆರೆಯಾದ ವಾಜಪೇಯಿ, ಆಡ್ವಾಣಿ ಮೊದಲಾದವರ ಅರ್ಜಿಗಳನ್ನು ಕೈಗೊಂಡ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅವುಗಳಲ್ಲೊಂದು.

ಬಹುಮತದ ವಾದವಿದು: ವ್ಯಕ್ತಿಸ್ವಾತಂತ್ರ್ಯದ ಹಕ್ಕಿಗೆ ೨೧ನೆಯ ಅನುಚ್ಛೇದವೊಂದೇ ನೆಲೆ, ಅದರ ಬಾಗಿಲು ಮುಚ್ಚಿದ ಮೇಲೆ ಕೇಳುವುದೇನೂ ಉಳಿಯದು. ಖನ್ನಾರವರು ಆಜ್ಞೆಯ ಸಿಂಧುತ್ವವನ್ನು ಅಲ್ಲಗಳೆಯಲಿಲ್ಲ. ಶಾಸನದ ಆಧಾರವಿಲ್ಲದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅಪಹರಿಸಲು ರಾಜ್ಯಕ್ಕೆ ಅಧಿಕಾರವಿಲ್ಲ; ಈ ನಿಯಮವು ಸಂವಿಧಾನಕ್ಕಿಂತ ಹಳೆಯದು, ಅದರ ವರವಲ್ಲ ಎಂದಷ್ಟೇ ಹೇಳಿದರು. ಎದುರಾಳಿಗೆ ಕೊಡಬಹುದಾದುದನ್ನೆಲ್ಲ ಕೊಟ್ಟು, ಕೊಡಲಾಗದುದನ್ನು ಮಾತ್ರ ಉಳಿಸಿಕೊಂಡ ಈ ಮಿತಿಯೇ ಬರಹದ ಬಲ. ೧೯೪೧ರ ಲಿವರ್‌ಸಿಡ್ಜ್ ಮೊಕದ್ದಮೆಯಲ್ಲಿ ಏಕಾಕಿಯಾಗಿದ್ದ ಲಾರ್ಡ್ ಆಟ್ಕಿನ್‌ರನ್ನು ಇಲ್ಲಿ ಸ್ಮರಿಸಬೇಕು; ಅಂದಿನ ಬಹುಮತವು ತಪ್ಪೆಂದು ೧೯೭೯ರಲ್ಲಿ ಲಾರ್ಡ್ ಡಿಪ್ಲಾಕ್ ಒಪ್ಪಿಕೊಂಡರು.

ಆದರೆ ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆಯು ಸ್ತುತಿಯಾದೀತು. 'ಶಾಸನದ ಆಧಾರ'ವೊಂದೇ ರಕ್ಷೆಯಾದರೆ, ಶಾಸನವೇ ಕ್ರೂರವಾದಾಗ ಪ್ರಜೆಯ ಗತಿಯೇನು? ಈ ಪ್ರಶ್ನೆಗೆ ಖನ್ನಾರವರ ತರ್ಕದಲ್ಲಿ ಪೂರ್ಣವಾದ ಉತ್ತರವಿಲ್ಲ. ಬಂಧನದ ವಿಧಾನವು ನ್ಯಾಯಸಮ್ಮತವಾಗಿರಬೇಕೆಂಬ ತತ್ತ್ವವು ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸ್ಥಿರಪಟ್ಟಿತು. ಅದೇ ವರ್ಷದ ೪೪ನೆಯ ತಿದ್ದುಪಡಿಯು ೨೦ ಮತ್ತು ೨೧ನೆಯ ಅನುಚ್ಛೇದಗಳನ್ನು ಇಂಥ ಆಜ್ಞೆಯ ಕೈಗೆ ಸಿಕ್ಕದಂತೆ ಮಾಡಿತು. ಕರ್ನಾಟಕದ ನಿವೃತ್ತ ನ್ಯಾಯಾಧೀಶ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ೨೦೧೭ರಲ್ಲಿ, ಜಬಲಪುರದ ತೀರ್ಪು ರದ್ದಾಯಿತು.

ಆ ಅಭಿಪ್ರಾಯಕ್ಕೆ ತೆತ್ತ ಬೆಲೆಯನ್ನೂ ಗಮನಿಸಬೇಕು. ೧೯೭೭ರ ಜನವರಿಯಲ್ಲಿ ಹಿರಿಯರಾದ ಖನ್ನಾರವರನ್ನು ಬಿಟ್ಟು ಬೇಗ್‌ರವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು, ಖನ್ನಾರವರು ರಾಜೀನಾಮೆಯಿತ್ತರು. ೧೯೭೩ರಲ್ಲಿಯೂ ಶೆಲತ್, ಗ್ರೋವರ್ ಮತ್ತು ನಮ್ಮ ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರನ್ನು ಹೀಗೆಯೇ ದಾಟಲಾಗಿತ್ತು. ನ್ಯಾಯಾಧೀಶನನ್ನು ತೆಗೆದುಹಾಕುವುದನ್ನು ಸಂವಿಧಾನವು ದುಸ್ಸಾಧ್ಯವಾಗಿಸಿದೆ; ಆದರೆ ಬಡ್ತಿಯ ಆಸೆಯಿಂದ ಅವನನ್ನು ಕಾಯುವ ಕೋಟೆಯನ್ನು ಅದು ಕಟ್ಟಿರಲಿಲ್ಲ. ನೇಮಕದಲ್ಲಿ ನ್ಯಾಯಾಂಗದ ಮಾತೇ ಮೇಲೆಂದು ೧೯೯೩ರಲ್ಲಿ ನ್ಯಾಯಾಲಯವು ನಿರ್ಣಯಿಸಿತು. ನೇಮಕಾತಿ ಆಯೋಗದ ತಿದ್ದುಪಡಿಯನ್ನು ೨೦೧೫ರಲ್ಲಿ ತಳ್ಳಿಹಾಕಿತು. ಇದರಿಂದ ಸರಕಾರದ ಕೈ ಕಟ್ಟಿತಾದರೂ, ಆಯ್ಕೆಯು ಮುಚ್ಚಿದ ಕೋಣೆಯೊಳಗಾಯಿತೆಂಬ ಆಕ್ಷೇಪವನ್ನು ಹಗುರವೆನ್ನಲಾಗದು.

ಇಂದು ಸ್ವಾತಂತ್ರ್ಯವನ್ನು ಸಂಕೋಚಗೊಳಿಸಲು ತುರ್ತುಪರಿಸ್ಥಿತಿಯೇ ಬೇಕೆಂದಿಲ್ಲ. ಕಾನೂನುಬಾಹಿರ ಚಟುವಟಿಕೆಗಳ ಶಾಸನದ ೨೦೦೮ರ ತಿದ್ದುಪಡಿಯ ಮೇರೆಗೆ, ಭಯೋತ್ಪಾದನೆಯ ಆರೋಪವು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನಿಗೆ ತಡೆಯುಂಟು. ಅಲ್ಲಿ ಬಂದಿಯ ಪಾಡು ನ್ಯಾಯಾಧೀಶನ ಪರಿಶೀಲನೆಯನ್ನೇ ಅವಲಂಬಿಸಿದೆ. ಆದುದರಿಂದ ಭದ್ರತಾ ಶಾಸನದ ವಿಚಾರವನ್ನೂ ನ್ಯಾಯಾಧೀಶರ ನೇಮಕದ ವಿಚಾರವನ್ನೂ ಬೇರೆಬೇರೆಯಾಗಿ ಓದುವವರು, ಖನ್ನಾರವರ ಬರಹವನ್ನು ಅರ್ಧ ಮಾತ್ರ ಓದಿದಂತೆ.