ಅರಸನ ಆಳೂ ಕಾಯಬೇಕಾದ ಕಟ್ಟಳೆ: ಪುಲಿಗೆರೆಯ ಶಾಸನವನ್ನು ಹಿರೇಹಳ್ಳಿಯಿಂದ ಓದುತ್ತ

ಪ್ರಾಚೀನ ನಗರಗಳ ರಾಜಕೀಯ ಎಂದ ಕೂಡಲೇ ನಮ್ಮಲ್ಲಿ ಓದಿದವರ ಬಾಯಿಗೆ ಮೊದಲು ಬರುವುದು ಅಥೆನ್ಸ್, ಆಮೇಲೆ ರೋಮ್. ನಮ್ಮ ದೇಶದ್ದೇ ಹೇಳಿ ಎಂದರೆ ವೈಶಾಲಿ, ಇಲ್ಲವೇ ತಮಿಳುನಾಡಿನ ಉತ್ತರಮೇರೂರು. ಕನ್ನಡ ನಾಡಿನ ಸರದಿ ಬಂದಾಗ ಮಾತ್ರ ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರು ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಪಾಠದ ಕೊನೆಗೆ ‘ಆಡಳಿತ’ ಎಂಬ ತಲೆಬರಹದ ಕೆಳಗೆ ಮಂಡಲ, ನಾಡು, ಗ್ರಾಮ ಎಂಬ ಮೂರು ಮೆಟ್ಟಿಲು ತೋರಿಸಿ ಮುಗಿಸುತ್ತಾರೆ. ಊರು ಹೇಗೆ ಬೆಳೆಯಿತು, ಊರಿನವರು ತಮ್ಮೊಳಗೆ ಯಾವ ಕಟ್ಟಳೆ ಮಾಡಿಕೊಂಡಿದ್ದರು, ಅರಸನ ಅಧಿಕಾರಿ ಊರೊಳಗೆ ಬಂದಾಗ ಅವನ ಕೈ ಎಲ್ಲಿಯವರೆಗೆ ಚಾಚಬಹುದಿತ್ತು ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡುವ ಒಂದು ಕನ್ನಡ ಶಾಸನ ಎಂಟನೆಯ ಶತಮಾನದಿಂದ ನಮ್ಮ ಮುಂದಿದೆ. ಅದು ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ, ಅಂದರೆ ಹಿಂದಿನ ಪೊರಿಗೆರೆ ಅಥವಾ ಪುಲಿಗೆರೆಯಲ್ಲಿ, ಸಿಕ್ಕ ‘ಆಚಾರವ್ಯವಸ್ಥೆ’ಯ ಶಾಸನ.

ಬಾದಾಮಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲ, ಸುಮಾರು ಕ್ರಿ.ಶ. 725. ಮುಂದೆ ಇಮ್ಮಡಿ ವಿಕ್ರಮಾದಿತ್ಯನೆಂದು ಪಟ್ಟಕ್ಕೇರುವ ಅವನ ಮಗ ಆಗಿನ್ನೂ ಯುವರಾಜ. ಪೊರಿಗೆರೆಯ ಮಹಾಜನರೆಂಬ ಬ್ರಾಹ್ಮಣರ ಕೂಟಕ್ಕೆ, ನಗರವೆಂಬ ವ್ಯಾಪಾರಿಗಳ ಕೂಟಕ್ಕೆ, ಹದಿನೆಂಟು ಪ್ರಕೃತಿಗಳೆಂಬ ಕಸುಬಿನ ಸಮುದಾಯಗಳಿಗೆ ಅವನು ಕೊಟ್ಟ ವ್ಯವಸ್ಥೆ ಇದು. ಎಲ್.ಡಿ. ಬಾರ್ನೆಟ್ ಇದನ್ನು ‘ಎಪಿಗ್ರಾಫಿಯ ಇಂಡಿಕಾ’ದ 14ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಅಂದಿನಿಂದ ವಿದ್ವಾಂಸರಿಗೆ ಇದು ಚೆನ್ನಾಗಿಯೇ ಗೊತ್ತು. ಸಾಮಾನ್ಯ ಓದುಗರ ಕೈಗೆ ಮಾತ್ರ ಇದು ಬಂದಿಲ್ಲ. ಬಂದರೂ ಹೆಮ್ಮೆಪಡಲು ಒಂದು ಉದಾಹರಣೆಯಾಗಿ ಬಂದಿದೆಯೇ ಹೊರತು ಸಾಲು ಸಾಲಾಗಿ ತೂಗಿ ನೋಡಬೇಕಾದ ಬರಹವಾಗಿ ಬಂದಿಲ್ಲ. ನನ್ನ ಮಟ್ಟಿಗೆ ಇದು ಕನ್ನಡದ ಮೊದಮೊದಲ ರಾಜಕೀಯ ಬರಹಗಳಲ್ಲಿ ಒಂದು. ಆದ್ದರಿಂದ ಒಂದು ಕೃತಿಯನ್ನು ವಿಮರ್ಶಿಸುವ ಹಾಗೆಯೇ ಇದನ್ನೂ ವಿಮರ್ಶಿಸಬೇಕು.

ಮೊದಲು ಇದರ ಸತ್ವ. ಹೊಗಳಿಕೆಯೇ ತುಂಬಿರುವ ಶಾಸನಗಳ ನಡುವೆ ಇದು ಕೆಲಸದ ಮಾತಿನ ಶಾಸನ. ಯಾರೂ ಇಲ್ಲದ ಮನೆ, ಅರಸ ಕೊಟ್ಟ ದತ್ತಿ, ಅರಸ ಸಾರಿದ ಮಾತು, ಸಜ್ಜನರ ಸಾಕ್ಷಿ, ನಡೆದುಬಂದ ರೂಢಿ, ತಾಮ್ರಶಾಸನ, ಬಹುಕಾಲದಿಂದ ಅನುಭವಿಸಿಕೊಂಡು ಬಂದ ಭೂಮಿ, ಇವನ್ನೆಲ್ಲ ರಾಜನ ಅಧಿಕಾರಿಗಳು ಕಾಪಾಡಬೇಕೆಂದು ವಿಧಿಸುತ್ತದೆ. ಊರಿನವರು ಅರಸನಿಗೆ ಏನು ಸಲ್ಲಿಸಬೇಕು ಎನ್ನುವುದಕ್ಕೂ ಮೊದಲು ಅರಸನ ಕಡೆಯವರು ಊರಿಗೆ ಏನನ್ನು ಉಳಿಸಿಕೊಡಬೇಕು ಎಂಬುದು ಬರುತ್ತದೆ. ಈ ಕ್ರಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆಮೇಲೆ ತೆರಿಗೆಯ ಮಾತು. ಒಕ್ಕಲಿರುವ ಮನೆಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ಮೇಲು, ನಡು, ಕೆಳಗು ಎಂದು ದರ್ಜೆ ಮಾಡಿ, ಒಂದೊಂದು ದರ್ಜೆಗೂ ಬೇರೆ ಬೇರೆ ಪಣ ಗೊತ್ತುಮಾಡಿದೆ. ಯಾವ ತಿಂಗಳಲ್ಲಿ ಕೊಡಬೇಕೆಂದೂ ಹೇಳಿದೆ. ಕಳವಿನ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ಮಕ್ಕಳಿಲ್ಲದವರ ಆಸ್ತಿ, ಕಸುಬುದಾರರ ಶ್ರೇಣಿ ಎಲ್ಲದರ ಪ್ರಸ್ತಾಪವೂ ಇದೆ.

ದರವನ್ನೂ ತಿಂಗಳನ್ನೂ ಕಲ್ಲಿನಲ್ಲಿ ಕೆತ್ತುವುದು ಸಣ್ಣ ಸಂಗತಿಯಲ್ಲ. ಇಷ್ಟೇ ಎಂದು ಬರೆದಿಟ್ಟ ಮೇಲೆ ವಸೂಲಿಗೆ ಬಂದವನು ಇನ್ನಷ್ಟು ಎಂದರೆ ಊರಿನವರು ಕಲ್ಲನ್ನು ತೋರಿಸಬಹುದು. ಇಂಥ ಬರಹದ ಹಿಂದೆ ಒಂದು ಜಗಳವೂ ಇದ್ದಿರಬೇಕು ಎಂಬುದು ನನ್ನ ಊಹೆ. ಯಾರೂ ಇಲ್ಲದ ಮನೆಗಳನ್ನು ಅಧಿಕಾರಿಗಳು ಕಬಳಿಸದೇ ಇದ್ದಿದ್ದರೆ ಅವನ್ನು ಕಾಪಾಡಿ ಎಂದು ಯುವರಾಜನೇ ಹೇಳಬೇಕಾಗಿ ಬರುತ್ತಿತ್ತೇ? ಕ್ರಿ.ಪೂ. 451–450ರಲ್ಲಿ ರೋಮಿನ ಹನ್ನೆರಡು ಫಲಕಗಳ ಕಾನೂನು ಬರಹಕ್ಕೆ ಇಳಿದದ್ದು ಪ್ಲೆಬಿಯನ್ನರೆಂಬ ಸಾಮಾನ್ಯ ಪ್ರಜೆಗಳ ಒತ್ತಾಯದಿಂದ ಎಂದು ರೋಮನ್ನರ ಪರಂಪರೆಯೇ ನೆನಪಿಟ್ಟುಕೊಂಡಿದೆ. ನಮ್ಮ ಶಾಸನ ತನ್ನ ಹಿಂದಿನ ಕಥೆಯನ್ನು ಹೇಳುವುದಿಲ್ಲ. ಕೊಡುವವನು ಯುವರಾಜ, ಪಡೆಯುವವರು ಊರಿನವರು ಎಂಬ ದಾನದ ಮಾತಿನಲ್ಲೇ ಎಲ್ಲವೂ ಇದೆ. ಆದರೂ ನಡೆದುಬಂದ ರೂಢಿಯನ್ನು ಕಾಪಾಡಿ ಎನ್ನುವಾಗ, ಆ ರೂಢಿ ತನಗಿಂತ ಮೊದಲೇ ಇತ್ತು ಎಂದು ಅರಮನೆ ಒಪ್ಪಿಕೊಂಡಂತೆಯೇ ಆಯಿತು.

ಪುಲಿಗೆರೆ ನಗರರಾಜ್ಯವಾಗಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ತನ್ನದೇ ಸೈನ್ಯವಿರಲಿಲ್ಲ, ಯುದ್ಧ ಸಾರುವ ಹಕ್ಕಿರಲಿಲ್ಲ. ಅಥೆನ್ಸ್ ಜೊತೆ ಸರಿಸಮ ನಿಲ್ಲಿಸಿ ನೋಡಿದರೆ ಎರಡಕ್ಕೂ ಅನ್ಯಾಯ. ಆದರೆ ಒಂದು ಅಂಶವನ್ನು ಹೋಲಿಸಿದರೆ ಕಣ್ಣು ತೆರೆಯುತ್ತದೆ. ಕ್ರಿ.ಪೂ. 594ರ ಸುಮಾರಿಗೆ ಸೋಲನ್ ಅಥೆನ್ಸಿನ ಪ್ರಜೆಗಳನ್ನು ಅವರ ಹೊಲದ ಹುಟ್ಟುವಳಿಯ ಮೇಲೆ ನಾಲ್ಕು ವರ್ಗ ಮಾಡಿದ. ಯಾರು ಯಾವ ಹುದ್ದೆಗೆ ಏರಬಹುದು ಎಂಬುದು ಆ ವರ್ಗದ ಮೇಲೆ ನಿಂತಿತು. ಪುಲಿಗೆರೆಯಲ್ಲೂ ಮನೆಗಳ ದರ್ಜೆಯಿದೆ, ಆದರೆ ಅದು ಕೊಡಬೇಕಾದ ಪಣಕ್ಕೆ ಮಾತ್ರ. ಅಧಿಕಾರದ ಪಾಲು ದರ್ಜೆಯಿಂದ ಬರಲಿಲ್ಲ. ಮಹಾಜನ, ನಗರ, ಪ್ರಕೃತಿ ಎಂಬ ಕೂಟಗಳಿಂದ ಬಂತು. ಅಲ್ಲಿ ಒಬ್ಬೊಬ್ಬ ಪ್ರಜೆ ಸಭೆಗೆ ಬಂದ; ಇಲ್ಲಿ ಕೂಟಗಳು ಬಂದವು. ನಮ್ಮ ರಾಜಕೀಯದಲ್ಲಿ ಇವತ್ತಿಗೂ ವ್ಯಕ್ತಿಗಿಂತ ಸಮುದಾಯವೇ ಮೊದಲು ಮಾತಾಡುವುದನ್ನು ನೋಡಿದವರಿಗೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ಬಲಗೈ ಎಡಗೈ ಎಂದು ಹದಿನೆಂಟು ಫಣ, ಒಂಬತ್ತು ಫಣ ಎಂಬ ಜಾತಿಕೂಟಗಳ ಲೆಕ್ಕ ಬಹುಕಾಲ ಉಳಿದಿತ್ತು. ಪುಲಿಗೆರೆಯ ಹದಿನೆಂಟಕ್ಕೂ ಇದಕ್ಕೂ ನೇರ ನಂಟು ಕಟ್ಟಲು ನಾನು ಸಿದ್ಧನಿಲ್ಲ. ಕೂಟವಾಗಿ ಎಣಿಸಿಕೊಳ್ಳುವ ಅಭ್ಯಾಸ ಮಾತ್ರ ಎರಡರಲ್ಲೂ ಒಂದೇ.

ಈಗ ಉತ್ತರಮೇರೂರಿನ ಪಕ್ಕಕ್ಕೆ ಇಟ್ಟು ನೋಡೋಣ. ಚೋಳ ಒಂದನೆಯ ಪರಾಂತಕನ ಕಾಲದ, 919 ಮತ್ತು 921ರ ಆ ಶಾಸನಗಳನ್ನು ಪಠ್ಯಪುಸ್ತಕಗಳೂ ಭಾಷಣಗಳೂ ಮತ್ತೆ ಮತ್ತೆ ನೆನೆಯುತ್ತವೆ. ಅದು ತಪ್ಪೂ ಅಲ್ಲ. ಓಲೆಯ ಚೀಟಿಗಳನ್ನು ಕೊಡದಲ್ಲಿ ಹಾಕಿ ಎತ್ತಿಸುವ ಕ್ರಮ, ನಿಲ್ಲುವವನಿಗೆ ಇಷ್ಟು ಭೂಮಿ, ಸ್ವಂತ ಮನೆ, ಇಷ್ಟು ವಯಸ್ಸು ಇರಬೇಕೆಂಬ ನಿಯಮ, ಲೆಕ್ಕ ಒಪ್ಪಿಸದವನಿಗೆ ಅವಕಾಶವಿಲ್ಲವೆಂಬ ಕಟ್ಟು, ಎಲ್ಲವೂ ಅಲ್ಲಿ ಖಚಿತವಾಗಿದೆ. ಪುಲಿಗೆರೆಯ ಶಾಸನದ ದೊಡ್ಡ ಕೊರತೆ ಇಲ್ಲೇ ಕಾಣುತ್ತದೆ. ಮಹಾಜನರಲ್ಲಿ ಯಾರು ಮಾತಾಡಬೇಕು, ನಗರದ ಮುಖ್ಯಸ್ಥ ಹೇಗೆ ಬರುತ್ತಾನೆ, ಮೂರು ಕೂಟಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ಯಾರದು, ಇದಾವುದೂ ಅದರಲ್ಲಿಲ್ಲ. ಕಟ್ಟಳೆ ಮುರಿದ ಅಧಿಕಾರಿಯನ್ನು ಊರಿನವರು ಏನು ಮಾಡಬಹುದು ಎಂಬುದೂ ಇಲ್ಲ. ಮಾತು ಕೊಟ್ಟವನೇ ಮಾತು ತಪ್ಪಿದರೆ ಕೇಳುವ ಸ್ಥಳವೇ ಗೊತ್ತಾಗದ ವ್ಯವಸ್ಥೆ ಅರ್ಧ ವ್ಯವಸ್ಥೆ.

ಆದರೆ ಇನ್ನೊಂದು ಲೆಕ್ಕದಲ್ಲಿ ಪುಲಿಗೆರೆಯದೇ ಮೇಲುಗೈ. ಉತ್ತರಮೇರೂರಿನ ಸಭೆ ಬ್ರಾಹ್ಮಣರದು. ಪುಲಿಗೆರೆಯಲ್ಲಿ, ಅದಕ್ಕೂ ಸುಮಾರು ಎರಡು ಶತಮಾನ ಮೊದಲು, ಮಹಾಜನರ ಜೊತೆಗೆ ವ್ಯಾಪಾರಿಗಳ ನಗರವನ್ನೂ ಕಸುಬಿನ ಸಮುದಾಯಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದ್ದಾರೆ. ಊರೆಂದರೆ ಇವರೆಲ್ಲ ಸೇರಿ ಎಂಬ ತಿಳಿವಳಿಕೆ ಆ ಒಕ್ಕಣೆಯಲ್ಲಿದೆ. ಆ ಹದಿನೆಂಟು ಪ್ರಕೃತಿಗಳು ಯಾರು ಯಾರು ಎಂಬ ಪಟ್ಟಿ ಶಾಸನದಲ್ಲಿದ್ದಿದ್ದರೆ! ಹದಿನೆಂಟರ ಆಚೆ ನಿಂತವರು, ಊರ ಹೊರಗಿನ ಕೇರಿಯವರು, ಹೆಂಗಸರು, ಬೇರೆಯವರ ಮನೆಯಲ್ಲಿ ದುಡಿದವರು ಈ ವ್ಯವಸ್ಥೆಯಲ್ಲಿ ಎಲ್ಲಿದ್ದರು? ಅಥೆನ್ಸ್ ಕೂಡ ಹೆಂಗಸರನ್ನು, ಗುಲಾಮರನ್ನು, ಹೊರಗಿನಿಂದ ಬಂದು ನೆಲೆಸಿದವರನ್ನು ಹೊರಗಿಟ್ಟಿತ್ತು ಎಂದು ನೆನಪಿಸಿ ಇಲ್ಲಿನ ಮೌನವನ್ನು ಮನ್ನಿಸಲಾಗದು. ಇಲ್ಲಿ ಹೊರಗಿಟ್ಟದ್ದಕ್ಕೆ ಹೊಣೆ ನಮ್ಮದು.

ಇಷ್ಟನ್ನು ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಕೂತು ಯೋಚಿಸುವುದಕ್ಕೆ ಕಾರಣವಿದೆ. ಇಲ್ಲಿಂದ ದಾಬಸ್‌ಪೇಟೆ ದಾಟಿ ಪೂರ್ವಕ್ಕೆ ಹೋದರೆ ನೆಲಮಂಗಲ ತಾಲ್ಲೂಕಿನ ಮಣ್ಣೆ ಸಿಗುತ್ತದೆ. ಪುಲಿಗೆರೆಯ ವ್ಯವಸ್ಥೆ ಬರೆದ ಶತಮಾನದಲ್ಲೇ ಅದು ಮಾನ್ಯಪುರ, ಗಂಗ ಶ್ರೀಪುರುಷನ ರಾಜಧಾನಿ. 797ರಲ್ಲಿ ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯ ಅಲ್ಲಿ ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಸಿಕ್ಕಿತು. ಮಣ್ಣೆಯ ತಾಮ್ರಪಟಗಳಲ್ಲಿ ಎದ್ದು ಕಾಣುವವರು ಅರಸ, ಯುವರಾಜ, ಸೇನಾಪತಿ, ಮುನಿ. ಇತ್ತ ಪಶ್ಚಿಮಕ್ಕೆ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ತಾಮ್ರಶಾಸನ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ್ದು, ಸುಮಾರು 812ರದು. ಕುನುಂಗಿಲ್ ದೇಶವನ್ನು, ಅಂದರೆ ನಮ್ಮ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಅರ್ಕಕೀರ್ತಿ ಮುನಿ ಕಳೆದರೆಂದು, ಚಾಕಿರಾಜನ ಬಿನ್ನಹದ ಮೇಲೆ ಜಾಲಮಂಗಲ ಎಂಬ ಊರನ್ನೇ ಜಿನಾಲಯಕ್ಕೆ ಬಿಟ್ಟುಕೊಟ್ಟರು. ಇಡೀ ಊರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಜಾಲಮಂಗಲದ ಒಕ್ಕಲುಗಳು ಏನೆಂದರು ಎಂಬುದು ಆ ತಗಡಿನ ಚಿಂತೆಯಲ್ಲ.

ಒಂದೇ ಶತಮಾನದ ಆಸುಪಾಸಿನ ಈ ಎರಡು ಬಗೆಯ ಬರಹಗಳನ್ನು ಜೊತೆಯಲ್ಲಿ ಓದಿದಾಗಲೇ ಪುಲಿಗೆರೆ ಎಷ್ಟು ಮುಂದಿತ್ತು ಎಂದು ನನಗೆ ಅರಿವಾದದ್ದು. ರಾಜಧಾನಿಯಾಗಿ ಬೆಳೆದ ಮಾನ್ಯಪುರ ಅರಸುತನ ಹೋದ ಮೇಲೆ ಹಳ್ಳಿಯಾಯಿತು. ಪುಲಿಗೆರೆ ಚಾಲುಕ್ಯರಿಂದ ರಾಷ್ಟ್ರಕೂಟರಿಗೆ, ಅವರಿಂದ ಕಲ್ಯಾಣದ ಚಾಲುಕ್ಯರಿಗೆ ಕೈ ಬದಲಾದರೂ ಪುಲಿಗೆರೆ ಮುನ್ನೂರು ಎಂಬ ನಾಡಿನ ಕೇಂದ್ರವಾಗಿ ಉಳಿಯಿತು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಅದರ ಹೆಸರನ್ನು ಹೇಳಿತು. ಇದಕ್ಕೆ ಎರೆಮಣ್ಣಿನ ಬೆಳೆ, ವ್ಯಾಪಾರದ ದಾರಿ ಎಲ್ಲವೂ ಕಾರಣವಿರಬಹುದು. ಅರಸ ಬದಲಾದರೂ ಬದಲಾಗದ ಕೂಟಗಳು ಊರೊಳಗಿದ್ದದ್ದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಐಹೊಳೆಯ ಐನೂರ್ವರನ್ನು ನೋಡಿ. ಒಂದು ಊರಿನ ಹೆಸರು ಹೊತ್ತ ಆ ವರ್ತಕರ ಕೂಟ ಐಹೊಳೆಯ ರಾಜಕೀಯ ಮಹತ್ವ ಕುಗ್ಗಿದ ಮೇಲೂ ಬೆಳೆಯುತ್ತ ಹೋಯಿತು. 1088ರಲ್ಲಿ ಸುಮಾತ್ರಾ ದ್ವೀಪದ ಬಾರುಸ್ ಬಳಿ ಅವರದೊಂದು ತಮಿಳು ಶಾಸನವಿದೆ.

ಇನ್ನು ಈ ಶಾಸನವನ್ನು ಓದಿದವರ ಬಗ್ಗೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಭಾರತೀಯರಿಗೆ ಸ್ವಯಮಾಡಳಿತ ಗೊತ್ತೇ ಇಲ್ಲ ಎಂದು ಆಳುವವರು ಹೇಳುತ್ತಿದ್ದಾಗ, ನಮ್ಮ ಚರಿತ್ರಕಾರರು ಇಂಥ ಶಾಸನಗಳನ್ನು ಸಾಕ್ಷಿಯಾಗಿ ಎತ್ತಿ ಹಿಡಿದರು. ಆರ್.ಸಿ. ಮಜುಂದಾರ್ ಪ್ರಾಚೀನ ಭಾರತದ ಕೂಟಜೀವನದ ಬಗ್ಗೆ, ಕೆ.ಪಿ. ಜಯಸ್ವಾಲ್ ಹಿಂದೂ ರಾಜ್ಯಪದ್ಧತಿಯ ಬಗ್ಗೆ ಬರೆದದ್ದು ಆ ಹೊತ್ತಿನಲ್ಲೇ. ಕರ್ನಾಟಕದ ಮಟ್ಟಿಗೆ ಮಧ್ಯಯುಗದ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಜಿ.ಎಸ್. ದೀಕ್ಷಿತರ ಪುಸ್ತಕ 1964ರಲ್ಲಿ ಬಂತು, ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಕನ್ನಡ ಶಾಸನಗಳನ್ನು ಸಾಂಸ್ಕೃತಿಕ ದಾಖಲೆಯಾಗಿ ಓದುವ ದಾರಿಯನ್ನು ಕನ್ನಡದಲ್ಲೇ ತೆರೆದರು. ಇವರೆಲ್ಲರ ಋಣ ನಮ್ಮ ಮೇಲಿದೆ. ಅವರ ಶ್ರಮ ಆಮೇಲೆ ಘೋಷಣೆಯಾಗಿ ಇಳಿದದ್ದು ನನಗೆ ನೋವಿನ ಸಂಗತಿ. ಮೊದಲ ಸಂಸತ್ತು ನಮ್ಮದು, ಮೊದಲ ಸಂವಿಧಾನ ನಮ್ಮದು ಎಂಬ ಮಾತು ವೇದಿಕೆಗೆ ಸೊಗಸು. ಹಾಗೆಂದ ಮರುಕ್ಷಣವೇ ಶಾಸನದಲ್ಲಿ ಏನಿದೆ ಎಂದು ನೋಡುವ ಅಗತ್ಯ ತಪ್ಪಿಹೋಗುತ್ತದೆ. ತೆರಿಗೆ ಎಷ್ಟು, ಯಾರಿಗೆ, ಯಾವ ತಿಂಗಳಲ್ಲಿ ಎಂದು ಕಲ್ಲಿನಲ್ಲಿ ಬರೆಸಿಕೊಂಡ ಜನಕ್ಕೆ ಹೆಮ್ಮೆಗಿಂತ ಲೆಕ್ಕ ಮುಖ್ಯವಾಗಿತ್ತು.

ತುಮಕೂರಿಗೂ ದಾಬಸ್‌ಪೇಟೆಗೂ ನಡುವೆ ಹೆದ್ದಾರಿಯ ಎರಡೂ ಬದಿಯಲ್ಲಿ ಈಗ ಹೊಸ ಊರೊಂದು ಬೆಳೆಯುತ್ತಿದೆ. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶ, ಅದರ ಸುತ್ತಲಿನ ಬಡಾವಣೆ, ಗೋದಾಮು, ಬಾಡಿಗೆ ಕೋಣೆಗಳ ಸಾಲು, ಎಲ್ಲಿಂದಲೋ ಬಂದ ಕೆಲಸಗಾರರು. ನಗರ ಮೊದಲು ಬರುತ್ತದೆ, ಅದರ ರಾಜಕೀಯ ಸಂಸ್ಥೆಗಳು ನಿಧಾನವಾಗಿ ಹಿಂದೆ ಬರುತ್ತವೆ. ಪುಲಿಗೆರೆಯಲ್ಲಿ ಆ ಅಂತರವನ್ನು ಹೇಗೆ ತುಂಬಿದರು ಎಂದು ಕೇಳುವುದು ಆದ್ದರಿಂದಲೇ ಬರೀ ಹಳೆಯದರ ಮೋಹವಲ್ಲ.

ಅದೇ ಪ್ರಶ್ನೆಯನ್ನು ನಮ್ಮ ಸೀಮೆಯ ಶಾಸನಗಳಿಗೂ ಕೇಳಬೇಕು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟ ತುಮಕೂರು ಜಿಲ್ಲೆಯದು, 1904ರಲ್ಲಿ ಪ್ರಕಟವಾಯಿತು. ನಾವು ಅದರಲ್ಲಿ ಅರಸರ ಹೆಸರುಗಳನ್ನೇ ಹುಡುಕಿದ್ದೇವೆ. ಗಾವುಂಡರು, ಮಹಾಜನರು, ಸೆಟ್ಟಿಗಳು, ಒಕ್ಕಲುಗಳು ಎಲ್ಲೆಲ್ಲಿ ಸಾಕ್ಷಿ ನಿಂತಿದ್ದಾರೆ, ಎಲ್ಲಿ ತಾವೇ ದತ್ತಿ ಬಿಟ್ಟಿದ್ದಾರೆ, ಎಲ್ಲಿ ಬರೀ ದಾನದ ವಸ್ತುವಾಗಿ ಕೈ ಬದಲಾಗಿದ್ದಾರೆ ಎಂದು ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಶಾಸನಗಳನ್ನು ಒಂದೊಂದಾಗಿ ಮತ್ತೆ ಓದಬೇಕಾಗಿದೆ. ಗೂಳೂರಿನ ಪಕ್ಕದ ಕೈದಾಳದಿಂದ ಶುರುಮಾಡಬಹುದು. ಹನ್ನೆರಡನೆಯ ಶತಮಾನದ ನಡುವಿನಲ್ಲಿ, ಹೊಯ್ಸಳ ನರಸಿಂಹನ ಕಾಲದಲ್ಲಿ, ಸಾಮಂತ ಬಾಚಿ ಅಲ್ಲಿ ಗುಡಿಗಳನ್ನು ಕಟ್ಟಿಸಿದ್ದನ್ನು ಶಾಸನ ವಿವರವಾಗಿ ಹೇಳುತ್ತದೆ. ಶಿಲ್ಪಿ ಜಕಣಾಚಾರಿಯ ಕಥೆ ಕೇಳಲು ಅಲ್ಲಿಗೆ ಹೋಗುವವರು ಬಾಚಿಯ ಶಾಸನದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಲಿ. ಅವನ ಹೆಸರಿನ ಜೊತೆಗೆ ನಾಡಿನವರಲ್ಲಿ ಇನ್ನಾರ ಹೆಸರು ಕೆತ್ತಿದೆ ಎಂದು ಹುಡುಕಲಿ.